ಅಮ್ಮಣ್ಣಿ ಗುಡಿಸಿಟ್ಟ ನಲವತ್ತು ಮರಗಳು

ಮೊದಲು ಕೇಳಿಸಿದ್ದು ಹಿಡಿಸೂಡಿಯ ಸದ್ದು. ತೆಂಗಿನ ಕಡ್ಡಿಗಳು ಒಣ ಎಲೆಯನ್ನು ಎಳೆದುಕೊಂಡು ಬರುವ ಆ ಸದ್ದು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಸುಧಾಕರ ಗೇರು ಮರವೊಂದರ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕಾಂಡಕ್ಕೆ ಬಿಳಿ ಪೈಂಟಿನಲ್ಲಿ ಒಂದು ಉಂಗುರ ಎಳೆದು, ಅದರ ಕೆಳಗೆ ಒಂದನೇ ನಂಬರು ಬರೆಯುತ್ತಿದ್ದ. ತಲೆಯೆತ್ತಿ ನೋಡಿದಾಗ ಕಂಡದ್ದು ಒಂದು ದೊಡ್ಡ ಹೆಡಿಗೆ. ಅದರಲ್ಲಿ ಎಲೆಯನ್ನು ಒತ್ತಿ ಒತ್ತಿ ಗುಡ್ಡೆಯಂತೆ ತುಂಬಲಾಗಿತ್ತು. ಆ ಗುಡ್ಡೆಯ ಹಿಂದಿನಿಂದ ಒಂದು ತಲೆ ಎದ್ದಿತು.

ಅದು 2004ರ ಫೆಬ್ರವರಿ, ತಿಂಗಳ ಮೊದಲ ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ಆಗಿರಬೇಕು. ಹೆಂಗಸಿಗೆ ಐವತ್ತರ ಹತ್ತಿರದ ಪ್ರಾಯ. ಹಸಿರು ಹತ್ತಿ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟಿದ್ದರು. ತಲೆಯ ಮೇಲೆ ಸಿಂಬಿ ಸುತ್ತಿದ ಬೈರಾಸು ಟವೆಲು, ಸೊಂಟದಲ್ಲಿ ಕತ್ತಿ. ಅವರು ಸುಧಾಕರನನ್ನೂ ಪೈಂಟಿನ ಡಬ್ಬಿಯನ್ನೂ ಕಾಗದ ಸಿಕ್ಕಿಸಿದ ಹಲಗೆಯನ್ನೂ ಒಂದೊಂದಾಗಿ ನೋಡಿದರು.

"ಹ್ವಾಯ್, ಆ ಮರಕ್ಕೆಂತ ಬಳಿತ್ರಿ?"

"ನಂಬರ್ ಬರೆಯುತ್ತಿದ್ದೇನೆ."

"ನಂಬ್ರ ಎಂತಕ್ಕೆ? ಕಡಿಯುಕಾ?"

"ಅಲ್ಲ, ನೋಡುವುದಕ್ಕೆ."

"ಮರ ಕಾಂಬುಕೆ ನಂಬ್ರ ಬೇಕಾ?"

ಸುಧಾಕರ ತರಬೇತಿಯಲ್ಲಿ ಕಲಿತದ್ದನ್ನು ಕಲಿತ ಹಾಗೆಯೇ ಹೇಳಿದ. ಇದು ಒಣಗುಡ್ಡೆಗಳ ಮತ್ತು ಹುಲ್ಲುಗಾವಲುಗಳ ಮರಗಿಡಗಳಲ್ಲಿ ಕೀಟ, ರೋಗಗಳ ಮೇಲೆ ಕಣ್ಣಿಡುವ ಯೋಜನೆ. ನಲವತ್ತು ಮರಗಳಿಗೆ ನಂಬರು ಹಾಕುವುದು. ಪ್ರತಿ ತಿಂಗಳ ಮೊದಲ ಸೋಮವಾರ ಬಂದು ಅವುಗಳ ಬುಡ, ಕಾಂಡ, ಎಲೆ ನೋಡಿ ಬರೆದುಕೊಂಡು ಹೋಗುವುದು.

"ಬರೀ ಕಂಡ್ ಹೋಪುದಾ? ಔಷಧಿ ಎಂತ ಹಾಕುದಿಲ್ಯಾ?"

"ಸದ್ಯಕ್ಕೆ ಇಲ್ಲ."

ಹೆಂಗಸು ಹೆಡಿಗೆಯ ಎಲೆಯನ್ನು ಕಾಲಿನಿಂದ ಇನ್ನೊಮ್ಮೆ ತುಳಿದರು. "ತಿಂಗ್ಳ್ ತಿಂಗ್ಳ್ ಹೆಣ್ಣ್ ಕಾಂಬುಕೆ ಬಂದಂಗ್ ಆಯ್ತಲೆ ಮಾಷ್ಟ್ರೆ. ಬಪ್ಪುದು, ಕಾಂಬುದು, ಹೋಪುದು. ಒಪ್ಗಿ ಮಾತ್ರ ಹೇಳುದಿಲ್ಲೆ."

ಸುಧಾಕರನಿಗೆ ನಗು ಬರಲಿಲ್ಲ. ಅದು ಅವನ ಕೆಲಸದ ಮೊದಲನೇ ವಾರ. "ಈ ನಂಬರಿನ ಮರಗಳನ್ನು ಯಾರೂ ಮುಟ್ಟಬಾರದು. ಕೊಂಬೆ ಕಡಿಯಬಾರದು," ಎಂದ.

"ನಾ ಎಂತಕ್ಕೆ ಮುಟ್ಲಿ? ನಂಗೆ ಬೇಕಾದ್ ಕೆಳಗ್ ಬಿದ್ದದ್ ಮಾತ್ರ." ಹೆಡಿಗೆಯನ್ನು ತಲೆಗೇರಿಸಿಕೊಂಡು ನಾಲ್ಕು ಹೆಜ್ಜೆ ಹೋದವರು ತಿರುಗಿದರು. "ನಿಮ್ದ್ ಯಾವೂರಾಯ್ತ್?"

"ಕೊಕ್ಕರ್ಣೆ."

"ಕೊಕ್ಕರ್ಣೆಯವ್ರ್ ಇಷ್ಟ್ ಪುಸ್ತಕದಂಗೆ ಮಾತಾಡ್ತ್ರಾ?"

ಅಷ್ಟು ಕೇಳಿ ಅವರು ಇಳಿಜಾರಿನಲ್ಲಿ ಮರೆಯಾದರು. ಅಮ್ಮಣ್ಣಿ ಎಂಬ ಹೆಸರು ಅವನಿಗೆ ಗೊತ್ತಾದದ್ದು ಮುಂದಿನ ತಿಂಗಳು, ತೋಪಿನ ಕಾವಲುಗಾರ ಚಂದಯ್ಯನಿಂದ.

ವಂಡ್ಸೆಯಿಂದ ಎರಡು ಮೈಲಿ ದೂರದ ಆ ಜಾಗಕ್ಕೆ ಮುಳಿಹಕ್ಕಲು ಎಂದು ಹೆಸರು. ಮಳೆಗಾಲದಲ್ಲಿ ಅಲ್ಲಿ ಸೊಂಟದೆತ್ತರ ಹುಲ್ಲು ಬೆಳೆಯುತ್ತದೆ. ಆದರೆ ಕೆಂಪುಕಲ್ಲಿನ ಗುಡ್ಡೆಯಲ್ಲಿ ನೀರು ನಿಲ್ಲುವುದಿಲ್ಲ. ದೀಪಾವಳಿ ಕಳೆದ ಮೇಲೆ ಹುಲ್ಲು ಹಳದಿಯಾಗಿ, ಡಿಸೆಂಬರಿನ ಹೊತ್ತಿಗೆ ಕಾಲಿಟ್ಟರೆ ಮುರಿಯುವಷ್ಟು ಒಣಗುತ್ತದೆ. ಗುಡ್ಡೆಯ ನೆತ್ತಿಯಲ್ಲಿ ದನ ಮೇಯುವ ಬಯಲು, ಅದರ ಸುತ್ತ ಹಿಂದೆ ಯಾವಾಗಲೋ ಸರಕಾರದವರು ನೆಟ್ಟ ಗೇರಿನ ತೋಪು. ಮರಗಳಿಗೆ ವಯಸ್ಸಾಗಿತ್ತು. ಎಲ್ಲಿ ಯಾವ ಮರಕ್ಕೆ ಏನು ಬಂತು ಎಂದು ಯಾರೂ ಬರೆದಿಟ್ಟಿರಲಿಲ್ಲ. ಅದನ್ನು ಬರೆದಿಡುವುದಕ್ಕೇ ಸುಧಾಕರ ಬಂದದ್ದು.

ಅವನ ಮನೆಯಲ್ಲಿ ಏಳನೇ ಕ್ಲಾಸು ದಾಟಿದವರೇ ಇರಲಿಲ್ಲ. ಬಿ.ಎಸ್ಸಿ. ಮುಗಿಸಿ ಒಂದೂವರೆ ವರ್ಷ ಅರ್ಜಿ ಹಾಕಿ ಹಾಕಿ ಸಿಕ್ಕಿದ್ದು ಮೂರು ವರ್ಷದ ಈ ತಾತ್ಕಾಲಿಕ ಕೆಲಸ. ಯೋಜನೆಯಲ್ಲಿ ಹೇಳಿಕೊಳ್ಳುವಂಥ ಫಲಿತಾಂಶ ಬಂದರೆ ಅದು ಮುಂದುವರಿಯುತ್ತದೆ, ಅದರ ಜೊತೆಗೆ ತಾನೂ ಮುಂದುವರಿಯುತ್ತೇನೆ ಎಂಬುದು ಅವನಿಗೆ ಗೊತ್ತಿತ್ತು. ಹಾಗಾಗಿ ಅವನು ಒಂದು ಸೋಮವಾರವನ್ನೂ ತಪ್ಪಿಸಲಿಲ್ಲ. ನಸುಕಿಗೆ ಕೊಕ್ಕರ್ಣೆಯಿಂದ ಹೊರಟು, ಬ್ರಹ್ಮಾವರದಲ್ಲೊಮ್ಮೆ, ಕುಂದಾಪುರದಲ್ಲೊಮ್ಮೆ ಬಸ್ಸು ಬದಲಿಸಿ, ಒಂಬತ್ತು ಗಂಟೆಗೆ ವಂಡ್ಸೆಯಲ್ಲಿ ಇಳಿಯುತ್ತಿದ್ದ.

ಗೇರಿನ ದೊಡ್ಡ ಶತ್ರು ಕಾಂಡ ಕೊರೆಯುವ ಹುಳು. ತೊಗಟೆಯ ಬಿರುಕಿನಲ್ಲಿ ದುಂಬಿಯಿಟ್ಟ ಮೊಟ್ಟೆಯಿಂದ ಮರಿ ಹೊರಟು ಒಳಗೊಳಗೇ ಬುಡವನ್ನು ತಿನ್ನುತ್ತದೆ. ಹೊರಗೆ ಕಾಣುವುದು ಮೂರೇ ಗುರುತು: ಬುಡದಲ್ಲಿ ಉದುರಿದ ಕೆಂಪು ಹುಡಿ, ಸಣ್ಣ ತೂತು, ತೂತಿನಿಂದ ಒಸರುವ ಅಂಟು. ಆಗಲೇ ಹಿಡಿದರೆ ಮರ ಉಳಿಯುತ್ತದೆ. ಎಲೆ ಹಳದಿಯಾದ ಮೇಲೆ ನೋಡಿದರೆ ಹೆಚ್ಚಿನ ಸಲ ತಡವಾಗಿರುತ್ತದೆ. ಸುಧಾಕರನ ಫಾರಮಿನಲ್ಲಿ ಹುಡಿಗೊಂದು, ತೂತಿಗೊಂದು, ಅಂಟಿಗೊಂದು ಕಾಲಂ ಇತ್ತು. ಮೊದಲ ದಿನ ನಂಬರು ಹಾಕುವುದರಲ್ಲೇ ಕಳೆಯಿತು. ಮಾರ್ಚಿನಿಂದ ಆ ಬೇಸಗೆಯ ಉದ್ದಕ್ಕೂ ಆ ಮೂರರಲ್ಲೂ ಅವನು ಬರೆದದ್ದು ಸೊನ್ನೆ. ಕೆಲವು ಮರಗಳ ಬುಡದಲ್ಲಿ ಮಾತ್ರ ಕೆಂಪು ಮಣ್ಣು ಮೆತ್ತಿಕೊಂಡಿರುತ್ತಿತ್ತು. ಅದಕ್ಕೆ "ಗೆದ್ದಲು ಮಣ್ಣು, ಅಲ್ಪ" ಎಂದು ಷರಾ ಬರೆದ.

ಕೆಲಸ ಮುಗಿಸಿ ಇಳಿಯುವಾಗ ಅಮ್ಮಣ್ಣಿಯ ಮನೆ ದಾರಿಯಲ್ಲೇ ಸಿಗುತ್ತಿತ್ತು. ಗಂಡ ಸೂರ ಕೆಂಪುಕಲ್ಲು ಕಡಿಯುವ ಕೆಲಸಕ್ಕೆ ಹೋಗುವವರು. ಹಟ್ಟಿಯಲ್ಲಿ ಎರಡು ದನ, ಒಂದು ಕರು. ಗುಡ್ಡೆಯಿಂದ ತಂದ ಎಲೆಯೆಲ್ಲ ಹಟ್ಟಿಗೆ ಹಾಸಲಿಕ್ಕೆ, ಅಲ್ಲಿಂದ ಗೊಬ್ಬರದ ಗುಂಡಿಗೆ, ಅಲ್ಲಿಂದ ಗದ್ದೆಗೆ. ಅಮ್ಮಣ್ಣಿ ಎಲೆ ಗುಡಿಸುತ್ತಿದ್ದದ್ದು ಬೆಳಿಗ್ಗೆ ಬೇಗ, ಮಂಜಿನ ಹಸಿ ಇರುವಾಗ. ಬಿಸಿಲೇರಿದರೆ ಎಲೆ ಪುಡಿಯಾಗಿ ಹೆಡಿಗೆಯಲ್ಲಿ ನಿಲ್ಲುವುದಿಲ್ಲ. ಆ ಮೊದಲ ದಿನ ಹತ್ತು ಗಂಟೆಗೆ ಅವರು ಅಲ್ಲಿ ಸಿಕ್ಕಿದ್ದು ನಸುಕಿಗೆ ದನ ಕರು ಹಾಕಿದ್ದರಿಂದ. ಆಮೇಲೆ ಒಂದು ಸೋಮವಾರವೂ ಸುಧಾಕರ ಅವರನ್ನು ತೋಪಿನಲ್ಲಿ ನೋಡಲಿಲ್ಲ. ಅಂಗಳದಲ್ಲಿ ಮಾತ್ರ ನೋಡುತ್ತಿದ್ದ. ಅವರು ಮಜ್ಜಿಗೆ ಕೊಡುತ್ತಿದ್ದರು, ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಎಂತ ಮಾಷ್ಟ್ರೆ, ಹೆಣ್ಣ್ ಒಪ್ಗಿ ಆಯ್ತಾ?"

"ಎಲ್ಲ ಚೆನ್ನಾಗಿದೆ ಅಮ್ಮಣ್ಣಕ್ಕ. ಒಂದಕ್ಕೂ ಏನೂ ಇಲ್ಲ."

ಆಗ ಅವರ ಮುಖದಲ್ಲಿ ಒಂದು ಸಮಾಧಾನ ಕಾಣುತ್ತಿತ್ತು. ಅದು ಯಾಕೆಂದು ಅವನು ಯೋಚಿಸಲಿಲ್ಲ.

ಎರಡನೇ ಬೇಸಗೆಯಲ್ಲಿ, 2005ರ ಜನವರಿಯಲ್ಲಿ, ಅವನು ನಂಬರಿಲ್ಲದ ಮರವೊಂದರ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತ. ಕೈ ತೊಳೆದ ನೀರು ಬಿದ್ದಲ್ಲಿ ಏನೋ ಉಬ್ಬಿಕೊಂಡಿತು. ನೋಡಿದರೆ ಹುಡಿ, ಮೂರು ಬೆರಳಿನಷ್ಟು ದಪ್ಪ ಬಿದ್ದಿತ್ತು. ಬುತ್ತಿ ಅಲ್ಲಿಗೇ ಬಿಟ್ಟು ಅವನು ಸುತ್ತಲಿನ ನಲವತ್ತು ನಂಬರಿಲ್ಲದ ಮರಗಳನ್ನು ನೋಡಿದ. ಹನ್ನೆರಡರಲ್ಲಿ ಹುಡಿ, ತೂತು, ಅಂಟು ಮೂರೂ ಇದ್ದವು. ಅಲ್ಲೇ ನಾಲ್ಕು ಮಾರು ಆಚೆಗಿನ ನಂಬರಿನ ಮರಗಳಲ್ಲಿ ಒಂದರಲ್ಲೂ ಇಲ್ಲ.

ಇದು ಹೇಗೆ? ಅದೇ ಮಣ್ಣು, ಅದೇ ವಯಸ್ಸು, ಅದೇ ಬಿಸಿಲು. ವ್ಯತ್ಯಾಸ ಒಂದೇ: ಬುಡದಿಂದ ಗೇಣೆತ್ತರದಲ್ಲಿ ಅವನು ಎಳೆದ ಬಿಳಿ ಉಂಗುರ.

ಅಂದು ಬಸ್ಸಿನಲ್ಲಿ ಅವನಿಗೆ ಇಳಿಯುವ ಊರು ಬಂದದ್ದೂ ತಿಳಿಯಲಿಲ್ಲ. ದುಂಬಿ ಬಿಳಿ ಬಣ್ಣಕ್ಕೆ ಹೆದರುತ್ತದೆಯೇ? ಪೈಂಟಿನ ವಾಸನೆಗೆ ದೂರ ಹೋಗುತ್ತದೆಯೇ? ಒಂದು ವರ್ಷದ ಹಿಂದಿನ ಪೈಂಟಿನಲ್ಲಿ ವಾಸನೆ ಎಲ್ಲಿ ಉಳಿದಿರುತ್ತದೆ? ಅವನು ಪುಸ್ತಕ ಹುಡುಕಿದ, ಎಲ್ಲೂ ಉತ್ತರ ಸಿಗಲಿಲ್ಲ. ಉತ್ತರ ಸಿಗದಿದ್ದಷ್ಟೂ ಅವನ ಕುತೂಹಲ ಬೆಳೆಯಿತು. ಇದನ್ನು ಕಂಡವನು ತಾನೊಬ್ಬನೇ ಎಂಬ ಸಣ್ಣ ಹೆಮ್ಮೆಯೂ ಅದರ ಜೊತೆ ಬೆಳೆಯಿತು.

ಯೋಜನೆಯ ಮುಖ್ಯಸ್ಥೆ ಸ್ನೇಹಲತಾ ಮೇಡಂ ಬ್ರಹ್ಮಾವರದಲ್ಲಿ ಕೂರುತ್ತಿದ್ದರು. ಕಡಿಮೆ ಮಾತಿನವರು. ಎಲ್ಲ ಕೇಳಿ, "ಒಂದು ವರ್ಷ ಪರೀಕ್ಷೆ ಮಾಡಿ ನೋಡಿ," ಎಂದಷ್ಟೇ ಹೇಳಿದರು. ಹಾಗೆಯೇ ಆ ವರ್ಷದ ಡಿಸೆಂಬರಿನಲ್ಲಿ ಸುಧಾಕರ ಹುಡಿ ಉದುರುತ್ತಿದ್ದ ಹತ್ತು ಮರಗಳನ್ನು ಆರಿಸಿ, ಅವಕ್ಕೂ ಉಂಗುರ ಎಳೆದು, ನಲವತ್ತೊಂದರಿಂದ ಐವತ್ತರವರೆಗೆ ನಂಬರು ಹಾಕಿದ. ಜನವರಿಯ ಮೊದಲ ಸೋಮವಾರ ಹೋಗಿ ನೋಡಿದ. ಹತ್ತರಲ್ಲಿ ಹತ್ತೂ ಶುದ್ಧ. ಹುಡಿಯಿಲ್ಲ, ತೂತಿಲ್ಲ, ಅಂಟಿಲ್ಲ. ಫೆಬ್ರವರಿಯಲ್ಲೂ ಇಲ್ಲ, ಮಾರ್ಚಿನಲ್ಲೂ ಇಲ್ಲ.

ಈ ಸಲ ಮೇಡಂ ಕನ್ನಡಕ ತೆಗೆದು ಕೆಳಗಿಟ್ಟರು. ಏಪ್ರಿಲ್ ಆರನೇ ತಾರೀಕು ಗುರುವಾರ ಗೇರು ಬೆಳೆಗಾರರ ಸಭೆ ಇತ್ತು. ಅದರಲ್ಲಿ ಹದಿನೈದು ನಿಮಿಷ ಅವನಿಗೆ. ಆಮಂತ್ರಣ ಪತ್ರಿಕೆಯಲ್ಲಿ ಅವನ ಹೆಸರು ಅಚ್ಚಾಯಿತು. ಕೊಕ್ಕರ್ಣೆಯಲ್ಲಿ ಅಪ್ಪ ಆ ಪತ್ರಿಕೆಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಪೇಟೆಗೆ ಹೋಗಿಬರತೊಡಗಿದರು. ಓದಲು ಬರುವವರು ಸಿಕ್ಕಿದರೆ, "ಇದ್ರಂಗ್ ಎಂತ ಬರ್ದಿತ್ ಕಾಣಿ," ಎಂದು ಕೊಟ್ಟು, ಅವರು ಮಗನ ಹೆಸರು ಓದುವವರೆಗೆ ಕಾಯುತ್ತಿದ್ದರು.

ಮನಸ್ಸಿಗೆ ಚುಚ್ಚುವ ಒಂದು ಸಂಗತಿ ಮಾತ್ರ ಇತ್ತು. ಹದಿನೇಳನೇ ನಂಬರಿನ ಮರದ ಎಲೆ ಮಾರ್ಚಿನಲ್ಲಿ ಹಳದಿಗೆ ತಿರುಗಿತ್ತು. ಸುಧಾಕರ ಸ್ವಲ್ಪ ಹೊತ್ತು ಅದರ ಮುಂದೆ ನಿಂತು, "ನೀರಿನ ಕೊರತೆ" ಎಂದು ಬರೆದು, ಹದಿನೆಂಟಕ್ಕೆ ಹೋಗಿದ್ದ.

ಸಭೆಗೆ ಫೋಟೋ ಬೇಕಿತ್ತು. ಬೆಳಗಿನ ಓರೆ ಬಿಸಿಲಿನಲ್ಲಿ ತೊಗಟೆ ಚೆನ್ನಾಗಿ ಕಾಣುತ್ತದೆ ಎಂದು ಮೇಡಂ ಹೇಳಿದ್ದರಿಂದ, ಅವನು ಶನಿವಾರವೇ ವಂಡ್ಸೆಯಲ್ಲಿದ್ದ ಸೋದರತ್ತೆಯ ಮನೆಗೆ ಹೋಗಿ ಉಳಿದ. ಭಾನುವಾರ ಬೆಳಿಗ್ಗೆ ಆರೂವರೆಗೆ ಆಫೀಸಿನ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಗುಡ್ಡೆ ಹತ್ತಿದ. ಅರ್ಧ ದಾರಿಯಲ್ಲೇ ಹಿಡಿಸೂಡಿಯ ಸದ್ದು ಕೇಳಿಸಿತು.

ಅಮ್ಮಣ್ಣಿ ಹನ್ನೆರಡನೇ ನಂಬರಿನ ಮರದ ಬುಡದಲ್ಲಿದ್ದರು. ಬೇರೆ ಮರಗಳ ಕೆಳಗೆ ಅವರು ಗುಡಿಸುವಾಗ ಬುಡದಿಂದ ಒಂದು ಮೊಳ ಬಿಡುವ ರೂಢಿ. ಬೇರಿನ ಸಂದಿಯಲ್ಲಿ ಚೇಳು ಇರುತ್ತದೆ. ಇಲ್ಲಿ ಹಾಗಲ್ಲ. ಕೂತುಕೊಂಡು, ಮುರಿದ ಹಿಡಿಸೂಡಿಯ ಮೋಟಿನಿಂದ ಬೇರಿನ ಸಂದಿಸಂದಿಯಿಂದ ಹುಡಿಯನ್ನು ಎಳೆದು ತೆಂಗಿನಕಾಯಿಯ ಗೆರಟೆಗೆ ತುಂಬಿದರು. ಕತ್ತಿಯ ತುದಿಯಿಂದ ಅಂಟಿನ ಗಡ್ಡೆಯನ್ನು ಎಬ್ಬಿಸಿ ತೆಗೆದರು. ಆಮೇಲೆ ಪಕ್ಕದ ಡಬ್ಬಿಯಲ್ಲಿ ಕಲಸಿಟ್ಟಿದ್ದ ಕೆಮ್ಮಣ್ಣನ್ನು ಎರಡು ಬೆರಳಿನಲ್ಲಿ ತೆಗೆದು, ಅಂಟು ಇದ್ದ ಜಾಗಕ್ಕೆ ಒತ್ತಿ, ಅಂಗಳ ಸಾರಿಸುವ ಹಾಗೆ ನಯವಾಗಿ ಸವರಿದರು. ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದರು.

ಸುಧಾಕರನ ಬಾಯಿಂದ ಎರಡು ವರ್ಷದಲ್ಲಿ ಮೊದಲ ಸಲ ಮನೆಯ ಮಾತು ಬಂತು. "ಅಮ್ಮಣ್ಣಕ್ಕ, ಎಂತ ಮಾಡ್ತಿದ್ರಿ?"

ಅವರು ಬೆಚ್ಚಿ ಎದ್ದು ನಿಂತು, ಎತ್ತಿ ಕಟ್ಟಿದ ಸೀರೆ ಇಳಿಸಿಕೊಂಡರು. "ಓ, ಮಾಷ್ಟ್ರಾ? ನಾಳೆ ಅಲ್ದಾ ನೀವ್ ಬಪ್ಪುದು? ಇನ್ನೂ ಅರ್ಧ ಸಮ ಆಯ್ಲಿಲ್ಲೆ ಮರ್ರೆ." ನೆಂಟರು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟಾಗ ಮನೆಯವರಿಗೆ ಆಗುವ ಮುಜುಗರ ಅವರ ಮುಖದಲ್ಲಿತ್ತು.

"ಇದ್ ಯಾವಾಗಿಂದ ಮಾಡ್ತಿದ್ರಿ?"

"ನೀವ್ ಬಪ್ಪುಕೆ ಸುರು ಮಾಡ್ದಲ್ಲಿಂದ. ಹೆಣ್ಣ್ ಕಾಂಬುಕೆ ಬಪ್ಪತ್ತಿಗೆ ಅಂಗಳ ಗುಡ್ಸದೆ ಇಡುಕ್ ಆತ್ತಾ? ಅಷ್ಟ್ ದೂರದಿಂದ ಬತ್ರಿ. ಬುಡದಂಗೆಲ್ಲ ಹುಡಿ, ಅಂಟ್ ಸೋರ್ಕಂಡ್ ಇದ್ರೆ ನಮ್ಮೂರ್ ಮರಕ್ಕೆ ಮರ್ಯಾದಿ ಅಲ್ಲ."

"ಹೊಸ ಹತ್ತ್ ಮರಕ್ಕೂ?"

"ಅದ್ಕೂ ನೀವೇ ನಂಬ್ರ ಹಾಕ್ದ್ರಲೆ. ಕೆಲ್ಸ ಜಾಸ್ತಿ ಮಾಡ್ದ್ರಿ."

ಸುಧಾಕರ ಅಲ್ಲಿದ್ದ ಕಲ್ಲಿನ ಮೇಲೆ ಕೂತ. ಭಾನುವಾರ ಗುಡಿಸಿದ ಮೇಲೆ ಸೋಮವಾರದೊಳಗೆ ಬೀಳುವ ಚಿಟಿಕೆ ಹುಡಿ ಕೆಂಪು ಮಣ್ಣಿನಲ್ಲಿ ಯಾರಿಗೂ ಕಾಣುವಂಥದ್ದಲ್ಲ. ಗುಡಿಸಿದ ನೆಲ ಅವನ ಕಣ್ಣೆದುರಿಗೇ ಇತ್ತು. ಆದರೆ ದಿನಾ ಗುಡಿಸಿದ ಅಂಗಳ ನೋಡಿ ಬೆಳೆದವನಿಗೆ, ಚೊಕ್ಕ ನೆಲ ಕಂಡರೆ ಯಾರೋ ಗುಡಿಸಿದ್ದಾರೆ ಎಂದು ಹೊಳೆದಿರಲಿಲ್ಲ. ಗೆದ್ದಲು ಮಣ್ಣು ಎಂದು ಬರೆದದ್ದು ಅಮ್ಮಣ್ಣಿಯ ಬೆರಳಿನ ಮಣ್ಣು.

ಇದನ್ನು ನೋಡಿದವನು ಅವನೊಬ್ಬನೇ. ಗುರುವಾರ ಸಭೆ. ಏನೂ ಹೇಳದೆ ಫೋಟೋ ತೆಗೆದುಕೊಂಡು ಹೋದರೆ ಯಾರಿಗೂ ತಿಳಿಯುವುದಿಲ್ಲ. ಯೋಜನೆ ಮುಂದುವರಿಯುತ್ತದೆ. ಮುಂದಿನ ವರ್ಷ ಬೆಳೆಗಾರರೆಲ್ಲ ಮರಕ್ಕೆ ಬಿಳಿ ಉಂಗುರ ಎಳೆದು ನಿಶ್ಚಿಂತೆಯಿಂದ ಕೂರುತ್ತಾರೆ, ಹುಳು ಒಳಗೆ ತಿನ್ನುತ್ತಿರುತ್ತದೆ. ಅಪ್ಪನ ಕಿಸೆಯಲ್ಲಿದ್ದ ಪತ್ರಿಕೆಯೂ ನೆನಪಾಯಿತು.

"ಎಂತಾಯ್ತ್ ಮಾಷ್ಟ್ರೆ? ಮೋರೆ ಎಂತಕ್ಕೆ ಹಾಂಗೆ?"

ಅವನು ಹುಡಿ ಎಂದರೆ ಏನು, ತಾನು ಎರಡು ವರ್ಷ ಹುಡುಕಿದ್ದು ಏನು ಎಂದು ಹೇಳಿದ. ಅಮ್ಮಣ್ಣಿ ಗೆರಟೆಯನ್ನೂ ಅವನನ್ನೂ ನೋಡಿದರು.

"ಹಾಂಗಾರೆ ನೀವ್ ಕಾಂಬುಕೆ ಬಂದದ್ ಇದನ್ನಾ?" ಗೆರಟೆ ಮುಂದೆ ಚಾಚಿದರು. "ನಂಗೊಂದ್ ಮಾತ್ ಕೇಂಡಿದ್ರೆ ಚೀಲಗಟ್ಲೆ ಕೊಡ್ತಿದ್ದೆ. ನೀವ್ ಕೇಣ್ಲೇ ಇಲ್ಲೆ."

ಅದು ನಿಜವೇ. ಫಾರಮಿನ ಯಾವ ಕಾಲಮಿನಲ್ಲೂ ಗುಡಿಸುವ ಹೆಂಗಸು ಇರಲಿಲ್ಲ.

ಅವರು ಚೀಲ ಎಂದದ್ದು ಸುಮ್ಮನೆ ಅಲ್ಲ. ಬಚ್ಚಲಿನ ಹಿಂದೆ, ಮಳೆ ತಾಗದ ಮೂಲೆಯಲ್ಲಿ, ಎರಡು ಗೋಣಿ ಹುಡಿ ಕಟ್ಟಿಟ್ಟಿದ್ದರು. ಆಟಿ ತಿಂಗಳ ಮಳೆಯಲ್ಲಿ ಸೌದೆ ಒದ್ದೆಯಾದಾಗ ಬಚ್ಚಲೊಲೆಗೆ ಬೆಂಕಿ ಹಿಡಿಸಲು ಅದರಷ್ಟು ಒಳ್ಳೆಯದು ಬೇರೆ ಇಲ್ಲವಂತೆ. ಹುಡಿ ಎಲ್ಲ ಒಂದರಲ್ಲೇ ಬೆರೆತುಹೋಗಿತ್ತು. ಆದರೆ ಅಮ್ಮಣ್ಣಿಯ ತಲೆಯಲ್ಲಿ ಬೆರೆತಿರಲಿಲ್ಲ. ಸುಧಾಕರ ಜಗಲಿಯಲ್ಲಿ ಕೂತು, ಹೊಸ ಫಾರಮು ತೆಗೆದು, ಒಂದರಿಂದ ಕೇಳುತ್ತಾ ಹೋದ. ಅವರಿಗೆ ನಂಬರಿಗಿಂತ ತಮ್ಮದೇ ಹೆಸರುಗಳು ಸುಲಭ: ಜೋಡಿ ಮರ, ಕೂರಲು ಕೊಂಬೆಯಿದ್ದ ಕೂಕಂಬು ಮರ, ಸಿಡ್ಲ್ ಬಡ್ದದ್, ಕುಂಟ.

"ಕುಂಟ ಅಂದ್ರೆ ಯಾವ್ದ್?"

"ಒಂದ್ ಬದಿ ಬಾಗ್ದದ್. ನಿಮ್ಮ ಹದ್ನೇಳ್. ಹೋದ ವರ್ಷ ಶಿವರಾತ್ರಿಗೆ ಒಂದ್ ಚಿಟ್ಕಿ. ಈ ವರ್ಷ ಸಂಕ್ರಾಂತಿಗೆ ಅರ್ಧ ಗೆರ್ಟಿ. ಈಗ ಒಂದೂವರಿ. ಪಾಪ, ಅದ್ ಇನ್ ಬದ್ಕುವಂಗ್ ಕಾಣ್ತಿಲ್ಲೆ."

ನಲವತ್ತರಲ್ಲಿ ಹನ್ನೊಂದು ಮರಗಳಿಗೆ ಅವರು ಹುಡಿ ಬಿದ್ದ ತಿಂಗಳುಗಳನ್ನು ಹಬ್ಬದ ಲೆಕ್ಕದಲ್ಲಿ ಹೇಳಿದರು. ನಂಬರಿಲ್ಲದವುಗಳಲ್ಲಿ ಹನ್ನೆರಡು, ನಂಬರಿನವುಗಳಲ್ಲಿ ಹನ್ನೊಂದು. ಬಿಳಿ ಉಂಗುರದಿಂದ ಆದ ವ್ಯತ್ಯಾಸ ಅಷ್ಟೇ. ಆದರೆ ಎರಡು ವರ್ಷ ತನ್ನ ಸೊನ್ನೆಗಳನ್ನು ನಂಬಿ ಮೋಸ ಹೋದವನು ಈ ಬಾಯಿಲೆಕ್ಕವನ್ನೂ ಸುಮ್ಮನೆ ನಂಬುವ ಹಾಗಿರಲಿಲ್ಲ. ಸೂರನ ಉಳಿ, ಸುತ್ತಿಗೆ ಹಿಡಿದು ಇಬ್ಬರೂ ಮತ್ತೆ ಗುಡ್ಡೆ ಹತ್ತಿದರು.

ಕುಂಟನ ಬುಡದ ಕೆಮ್ಮಣ್ಣು ಕೆರೆದು ತೆಗೆದಾಗ ತೂತುಗಳು ಕಂಡವು. ತೊಗಟೆ ಎಬ್ಬಿಸಿದಾಗ ಒಳಗೆ ಬೆರಳು ಹೋಗುವಷ್ಟು ದಾರಿ, ದಾರಿಯ ತುಂಬ ಹುಡಿ. ಆ ಹುಡಿಯ ಕೊನೆಯಲ್ಲಿ, ಚಿಕ್ಕ ಬೆರಳಿನುದ್ದದ ಬಿಳಿ ಹುಳು, ಕಂದು ತಲೆ, ಮೆಲ್ಲಗೆ ಮೈ ತಿರುಗಿಸಿತು.

ಅಮ್ಮಣ್ಣಿ ಮಂಡಿಯೂರಿ ಹತ್ತಿರ ಬಗ್ಗಿದರು. ಇಷ್ಟು ವರ್ಷ ಹುಡಿ ಗುಡಿಸಿದವರು ಹುಳವನ್ನು ಕಂಡಿರಲಿಲ್ಲ. ಹುಡಿ ಮರದ ಮೈಯಿಂದ ತಾನಾಗಿ ಉದುರುತ್ತದೆ, ಹಳೇ ಗೋಡೆಯಿಂದ ಮಣ್ಣು ಉದುರುವ ಹಾಗೆ, ಎಂದು ತಿಳಿದಿದ್ದರು.

"ಇದಾ ಇದ್ರ ಯಜಮಾನ?" ಎಂದರು. "ಇದ್ ಕಡಿಕೆ ಎಂತ ಆತ್ತ್?"

"ದುಂಬಿ ಆತ್ತ್."

"ನೀವ್ ಕಂಡಿದ್ರ್ಯಾ, ಆಪುದನ್ನ?"

ಸುಧಾಕರ ಪುಸ್ತಕದಲ್ಲಿ ಚಿತ್ರ ನೋಡಿದ್ದ. ಪೆಟ್ಟಿಗೆಯಲ್ಲಿ ಸೂಜಿ ಚುಚ್ಚಿಟ್ಟ ದುಂಬಿ ನೋಡಿದ್ದ. "ಇಲ್ಲೆ," ಎಂದ.

"ಹಾಂಗಾರೆ ಒಂದ್ ನಂಗ್ ಕೊಡಿ."

ಆ ಮರದಿಂದ ಏಳು ಹುಳು ಹೊರಬಂದವು. ಒಂದನ್ನು ಅಮ್ಮಣ್ಣಿ ಬೇರಿನ ತುಂಡಿನ ಸಮೇತ ಮನೆಗೆ ತಂದು, ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ದೇವರ ಗೂಡಿನ ಕೆಳಗೆ ಇಟ್ಟರು. ಸಂಜೆಯೊಳಗೆ ಅವರು ಹೇಳಿದ ಹನ್ನೊಂದು ಮರಗಳನ್ನೂ ಉಳಿ ಹಾಕಿ ನೋಡಿಯಾಯಿತು. ಹತ್ತು ಸರಿ. ಒಂದರಲ್ಲಿ ಮಾತ್ರ ಬರೀ ಇರುವೆ.

ಮರುದಿನ ಸ್ನೇಹಲತಾ ಮೇಡಂ ಎಲ್ಲ ಕೇಳಿಸಿಕೊಂಡರು. ಎರಡು ವರ್ಷದ ಫಾರಮುಗಳನ್ನು ಒಂದೊಂದಾಗಿ ತಿರುವಿದರು. ಸೊನ್ನೆ,  ಸೊನ್ನೆ, ಸೊನ್ನೆ.

"ಹಾಗಾದರೆ ಗುರುವಾರ ಏನು ಹೇಳುತ್ತೀರಿ?"

"ಇದನ್ನೇ ಹೇಳುತ್ತೇನೆ ಮೇಡಂ."

ಅವರು ಫಾರಮುಗಳನ್ನು ಜೋಡಿಸಿ ಪಕ್ಕಕ್ಕಿಟ್ಟು, "ಹೇಳಿ," ಎಂದರು.

ಸಭೆಯಲ್ಲಿ ಅವನು ಹೇಳಿದ. ಮೊದಲು ಜನ ನಕ್ಕರು. ಹೆಣ್ಣು ನೋಡುವ ಮಾತು ಬಂದಾಗ ಹಿಂದಿನ ಸಾಲಿನವರೂ ನಕ್ಕರು, ಅಲ್ಲಿ ಅಪ್ಪ ಕೂತಿದ್ದರು, ಅವರು ಮಾತ್ರ ನಗಲಿಲ್ಲ. ನಗು ನಿಂತ ಮೇಲೆ ಬಾರ್ಕೂರಿನ ಕಡೆಯ ಒಬ್ಬ ಹಿರಿಯ ಬೆಳೆಗಾರರು ಎದ್ದರು. "ಅಲ್ಲ ಮಾರಾಯ್ರೆ, ನಮ್ ತೋಟದಂಗೂ ವಾರಕ್ಕೊಂದ್ಸಲ ಬುಡ ಗುಡ್ಸಿ ಚೊಕ್ಕ ಮಾಡ್ತ್ರ್. ಹಾಂಗಾರೆ ನಮ್ಗೂ ಹುಡಿ ಕಾಣ್ತಿಲ್ಯಾ?" ಚೊಕ್ಕ ತೋಟ ಎಂದು ಹೆಮ್ಮೆಪಟ್ಟುಕೊಳ್ಳುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಧಾಕರನ ಹದಿನೈದು ನಿಮಿಷ ಮುಕ್ಕಾಲು ಗಂಟೆಯಾಯಿತು. ಹೊರಗೆ ಬಂದಾಗ ಅಪ್ಪ ಕೇಳಿದ್ದು ಒಂದೇ. "ಆ ಹೆಂಗ್ಸಿನ ಹೆಸ್ರ್ ಎಂತ ಅಂದೆ?"

ಆಮೇಲಿನ ಫಾರಮಿನಲ್ಲಿ ಮೇಡಂ ಒಂದು ಕಾಲಂ ಹೆಚ್ಚು ಹಾಕಿಸಿದರು: "ಬುಡ ಕೊನೆಯ ಸಲ ಗುಡಿಸಿದ ದಿನ". ಅಮ್ಮಣ್ಣಿಗೆ ಹೊಸ ಒಪ್ಪಂದವಾಯಿತು. ಎಲೆ ಎಷ್ಟು ಬೇಕಾದರೂ ಗುಡಿಸಬಹುದು, ಬುಡದ ಹುಡಿಯನ್ನು ಮಾತ್ರ ಸುಧಾಕರ ನೋಡಿದ ಮೇಲೆ ತೆಗೆಯಬೇಕು. ಅವರಿಗೆ ಅದು ಹಿಡಿಸಲಿಲ್ಲ. "ಗಲೀಜ್ ಇಟ್ಕಂಡ್ ನೆಂಟ್ರನ್ನ ಕರಿಯುದ್ ಯಾವ ಲೆಕ್ಕ?" ಎಂದು ಗೊಣಗಿದರು. ಚಂದಯ್ಯ ಅವರನ್ನು ಕಂಡಾಗಲೆಲ್ಲ, "ಎಂತ ಅಮ್ಮಣ್ಣಿ, ಎರಡ್ ವರ್ಷ ಸರಕಾರಕ್ಕೇ ಮಣ್ಣ್ ಸಾರ್ಸಿದ್ಯಲೆ," ಎಂದು ಕೆಣಕುತ್ತಿದ್ದ. "ನೀ ಕಾವಲ್ ಕೂಕಂಡದ್ದಕ್ಕಿಂತ ನನ್ ಹಿಡಿಸೂಡಿ ಜಾಸ್ತಿ ಕಂಡಿತ್," ಎಂದು ಅವರು ತಿರುಗಿ ಕೊಡುತ್ತಿದ್ದರು.

ಡಿಸೆಂಬರಿನ ಒಂದು ಬೆಳಿಗ್ಗೆ ಚಂದಯ್ಯ ಆಫೀಸಿಗೆ ಫೋನು ಮಾಡಿದ. ಅಮ್ಮಣ್ಣಿ ಹೇಳಿಕಳಿಸಿದ ಮಾತು ಒಪ್ಪಿಸಿದ. "ನಿಮ್ಮ ಹುಳಕ್ಕೆ ಮೀಸೆ ಬಂದಿತ್ತಂಬ್ರ್. ಕೂಡ್ಲೆ ಬರ್ಕಂಬ್ರ್."

ಸುಧಾಕರ ಹೋದಾಗ ಬಾಟಲಿ ಜಗಲಿಯಲ್ಲಿತ್ತು. ಒಳಗೆ ಕೆಂಪುಕಂದು ಬಣ್ಣದ ಉದ್ದ ದುಂಬಿ, ಮೈಗಿಂತ ಉದ್ದದ ಎರಡು ಮೀಸೆ. ಅದು ಗಾಜಿನ ಮೇಲೆ ಕಾಲಿಟ್ಟು ಜಾರುತ್ತಿತ್ತು. ಎಂಟು ತಿಂಗಳು ಅಮ್ಮಣ್ಣಿ ವಾರಕ್ಕೊಮ್ಮೆ ಹೊಸ ಬೇರಿನ ತುಂಡು ಹಾಕಿ ಅದನ್ನು ನೋಡಿದ್ದರು. ಮಳೆಗಾಲದ ಕೊನೆಗೆ ಅದು ತನ್ನ ಸುತ್ತ ಸುಣ್ಣದಂಥ ಗಟ್ಟಿ ಗೂಡು ಕಟ್ಟಿಕೊಂಡದ್ದನ್ನು, ಸತ್ತಿತೆಂದು ಎಸೆಯಲು ಹೊರಟ ಸೂರನನ್ನು ತಾವು ತಡೆದದ್ದನ್ನು ಹೇಳಿದರು. ಸುಧಾಕರ ಬರೆದುಕೊಂಡ. ಕಂಬದ ನೆರಳು ಜಗಲಿಯಿಂದ ಇಳಿಯುವವರೆಗೆ ಇಬ್ಬರೂ ಆ ದುಂಬಿಯನ್ನು ನೋಡುತ್ತಾ ಕೂತರು.

ಯೋಜನೆ 2007ರ ಮಾರ್ಚಿಗೆ ಮುಗಿಯಿತು, ಮುಂದುವರಿಯಲಿಲ್ಲ. ಸುಧಾಕರ ಏಳು ತಿಂಗಳು ಮನೆಯಲ್ಲಿ ಕೂತ, ಆಮೇಲೆ ಚಿತ್ರದುರ್ಗದ ಕಡೆ ಕುರುಚಲು ಕಾಡಿನ ಹುಲ್ಲಿಗೆ ಬರುವ ರೋಗ ನೋಡುವ ಇನ್ನೊಂದು ಕೆಲಸಕ್ಕೆ ಸೇರಿದ. ಅಲ್ಲಿ ಹೋದ ಮೊದಲ ದಿನ ಅವನು ಹುಲ್ಲು ನೋಡುವ ಮೊದಲು ಕುರಿ ಕಾಯುವವರನ್ನು ಹುಡುಕಿಕೊಂಡು ಹೋದ. ಊರಿಗೆ ಬಂದಾಗಲೆಲ್ಲ ವಂಡ್ಸೆಯ ಬಸ್ಸು ಹತ್ತುತ್ತಾನೆ. ಕುಂಟ ಮರ ಬದುಕಿದೆ, ಒಂದು ಬದಿಯಲ್ಲಿ ಮಾತ್ರ ಹೂ ಬಿಡುತ್ತದೆ. ಮುಳಿಹಕ್ಕಲಿನ ತೋಪನ್ನು ಈಗ ಊರಿನ ಸಮಿತಿಯವರು ನೋಡಿಕೊಳ್ಳುತ್ತಾರೆ.

ಅಮ್ಮಣ್ಣಿಗೆ ಈಗ, 2012ರಲ್ಲಿ, ಅರವತ್ತರ ಹತ್ತಿರ. ದೀಪಾವಳಿಯಿಂದ ಮಳೆ ಹಿಡಿಯುವವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಅವರು ತೋಪಿನ ಎಲ್ಲ ಮರಗಳ ಬುಡ ನೋಡುತ್ತಾರೆ. ಹುಡಿ ಕಂಡ ಮರಕ್ಕೆ ಹಳೇ ಸೀರೆಯ ಚಿಂದಿ ಕಟ್ಟುತ್ತಾರೆ. ಸಮಿತಿಯವರು ಬಂದು ಚಿಂದಿ ಕಟ್ಟಿದ ಮರದಿಂದ ಹುಳು ತೆಗೆಯುತ್ತಾರೆ. ಅದಾದ ಮೇಲೆ ಅಮ್ಮಣ್ಣಿ ಗುಡಿಸುತ್ತಾರೆ.